ಸ್ಕೂಬಾ ಟ್ಯಾಂಕ್ ಸರ್ವಿಸ್‌ಗೆ ಕೊಡುವವರೇ, ಹಳೆಯ ಬರ್ಸ್ಟ್ ಡಿಸ್ಕ್ ಕೈಗೆ ಬರುವವರೆಗೆ ದುಡ್ಡು ಕೊಡಬೇಡಿ

ವಾಲ್ವ್ ಸರ್ವಿಸ್ ಅಂತ ಪೂರ್ತಿ ದುಡ್ಡು ತೆಗೆದುಕೊಂಡು ನನ್ನ ಸ್ಕೂಬಾ ಟ್ಯಾಂಕ್ (ನೀರಿನಡಿ ಉಸಿರಾಡಲು ಗಾಳಿ ತುಂಬಿಟ್ಟ ಸಿಲಿಂಡರ್) ಸರ್ವಿಸ್ ಅಂಗಡಿಯವರು ಮಾಡಿದ್ದು ಜೀವ ತೆಗೆಯುವ ಕೆಲಸ. ಇನ್ನೂ ಸಿಟ್ಟು ಇಳಿದಿಲ್ಲ.

ನನ್ನ ಟ್ಯಾಂಕಿನ ವಾಲ್ವ್‌ನ ಪಕ್ಕದ ಸಣ್ಣ ಪ್ಲಗ್‌ನಿಂದ ನೀರಲ್ಲಿ ಗುಳ್ಳೆ ಬರುತ್ತಿತ್ತು. ಅದರೊಳಗಿನ ತೆಳು ತಾಮ್ರದ ಬಿಲ್ಲೆಯೇ ಬರ್ಸ್ಟ್ ಡಿಸ್ಕ್. ಒತ್ತಡ ಮಿತಿ ಮೀರಿದರೆ ಟ್ಯಾಂಕ್ ಸಿಡಿಯುವ ಮೊದಲು ಅದು ಒಡೆದು ಗಾಳಿ ಬಿಡಬೇಕು. ಟ್ಯಾಂಕ್ ಮತ್ತೆ ಮತ್ತೆ ತುಂಬಿ ಖಾಲಿ ಮಾಡಿ ಅದು ಸೋಲುತ್ತದೆ, ಉಪ್ಪುನೀರಿಗೆ ಸವೆಯುತ್ತದೆ. ಬದಲಿಸಿ ಅಂದೆ. "ಹೊಸದು ಹಾಕಿದ್ದೀವಿ ಸರ್" ಅಂದರು. ಗುಳ್ಳೆಯೂ ನಿಂತಿತ್ತು.

ಆಮೇಲೆ ಬೇರೆ ಟೆಕ್ನಿಷಿಯನ್ ಒಬ್ಬರು ಟ್ಯಾಂಕ್ ಖಾಲಿ ಮಾಡಿ ಪ್ಲಗ್ ಬಿಚ್ಚಿದರು. ಒಳಗೆ ಎರಡು ಬಿಲ್ಲೆ! ಹಸಿರು ಹಿಡಿದ ಹಳೆಯದನ್ನು ತೆಗೆಯದೆ, ಅದರ ಮೇಲೆಯೇ ಹೊಸದನ್ನು ಕೂರಿಸಿ ಬಿಗಿದಿದ್ದರು. ಅವರು ಮಾತಾಡದೆ ಎರಡನ್ನೂ ನನ್ನ ಕೈಗಿಟ್ಟರು. "ಈಗಷ್ಟೇ ಹೊಸದು ಹಾಕಿಸಿದ್ದೇನೆ" ಅಂತ ಆಗ ತಾನೇ ಎಲ್ಲರ ಮುಂದೆ ಹೇಳಿದ್ದೆ. ಎಷ್ಟು ಅವಮಾನ ಆಯಿತು ಗೊತ್ತಾ?

ನನ್ನದು 3000 ಪಿಎಸ್‌ಐ (ಒತ್ತಡದ ಅಳತೆ) ವರೆಗೆ ತುಂಬುವ ಅಲ್ಯುಮಿನಿಯಂ ಟ್ಯಾಂಕ್, ಅಮೆರಿಕದ ನಿಯಮದ್ದು. ಅದನ್ನು ಪರೀಕ್ಷಿಸುವುದೇ 5000ದಲ್ಲಿ. ಡಿಸ್ಕ್ ಅಷ್ಟರೊಳಗೆ ಒಡೆಯಲೇಬೇಕು. ಎರಡು ಸೇರಿದರೆ ಯಾವಾಗ ಒಡೆಯುತ್ತದೋ ಯಾರಿಗೂ ಗೊತ್ತಿಲ್ಲ. ತುಂಬುವ ಹುಡುಗ ಪಕ್ಕದಲ್ಲೇ ನಿಂತಿರುತ್ತಾನೆ, ಅವನ ಗತಿ?

ಸರ್ವಿಸ್ ಮಾಡಿದ ಅಂಗಡಿಗೆ ಫೋನ್ ಮಾಡಿದೆ. ಮೊದಲ ಉತ್ತರ: "ಒಂದಕ್ಕೆ ಎರಡು ಇದ್ರೆ ಇನ್ನೂ ಸೇಫ್ ಅಲ್ವಾ ಸರ್?" ಫ್ಯೂಸ್ ಹಾರುತ್ತದೆ ಅಂತ ದಪ್ಪ ತಂತಿ ಸುತ್ತಿದ ಹಾಗೆ ಇದು. ಸೇಫ್ ಹೇಗಾಗುತ್ತದೆ?

ಆಮೇಲೆ, "ಯುರೋಪಿನ ಎಷ್ಟೋ ವಾಲ್ವ್‌ಗಳಲ್ಲಿ ಡಿಸ್ಕೇ ಇರಲ್ಲ, ಸುಮ್ನೆ ಹೆದರ್ತೀರಿ." ಇರಲ್ಲ, ನಿಜ. ಆದರೆ ನನ್ನದರಲ್ಲಿ ಇದೆ. ಇದ್ದ ಮೇಲೆ ಸರಿಯಾದ ಒಂದೇ ಇರಬೇಕು.

ಕೊನೆಗೆ, "ಎರಡನೆಯದು ನಾವು ಹಾಕಿದ್ದಲ್ಲ." ಈಗಷ್ಟೇ ಎರಡಿದ್ದರೆ ಸೇಫ್ ಅಂದವರು ಇವರೇ! ಫೋಟೋ ಕಳಿಸಿದೆ. ನೋಡಿದ್ದಾರೆ, ಉತ್ತರ ಇಲ್ಲ. ದುಡ್ಡೂ ವಾಪಸ್ ಇಲ್ಲ.

ಹಳೆಯ ಡಿಸ್ಕ್ ವಾಪಸ್ ಕೇಳಿ. ಕೊಡದಿದ್ದರೆ ಬದಲಿಸಿಲ್ಲ ಅಂತಲೇ ತಿಳಿಯಿರಿ. ಹೊಸದು ನಿಮ್ಮ ಟ್ಯಾಂಕಿನ ಒತ್ತಡಕ್ಕೆ ಹೊಂದುವುದೇ ಅಂತ ಕೇಳಿ. ಪ್ಲಗ್‌ನಲ್ಲಿ ಒಂದೇ ತೂತಿದ್ದರೆ ಅದನ್ನೂ ಬದಲಿಸಿ. ಗಾಳಿ ಸುತ್ತಲೂ ಹೋಗುವಂತೆ ಹಲವು ತೂತಿರುವ ಪ್ಲಗ್ ಬೇಕು, ಇಲ್ಲದಿದ್ದರೆ ಡಿಸ್ಕ್ ಒಡೆದಾಗ ಟ್ಯಾಂಕೇ ಹಾರುತ್ತದೆ. ಅನುಮಾನ ಬಂತು ಅಂತ ತುಂಬಿದ ಟ್ಯಾಂಕಿನ ಪ್ಲಗ್‌ಗೆ ಮಾತ್ರ ಸ್ಪ್ಯಾನರ್ ಹಾಕಬೇಡಿ. ಪೂರ್ತಿ ಖಾಲಿ ಮಾಡಿ, ಗೊತ್ತಿರುವವರ ಕೈಲೇ ಬಿಚ್ಚಿಸಿ.