ಅರಕು ಕಣಿವೆ: ರೈಲಿನಲ್ಲೇ ಹೋಗಿ, ಕಾಫಿ ನೋಡಿ ಕೊಳ್ಳಿ

ವಿಶಾಖಪಟ್ಟಣದಿಂದ ಅರಕು ಸುಮಾರು 115 ಕಿ.ಮೀ. ರಸ್ತೆಗಿಂತ ಅರಕು ದಾಟಿ ಕಿರಂದೂಲ್‌ಗೆ ಹೋಗುವ ರೈಲೇ ಮೇಲು: ದಾರಿಯುದ್ದಕ್ಕೂ 50ಕ್ಕೂ ಹೆಚ್ಚು ಸುರಂಗ, ನಡುನಡುವೆ ಆಳದ ಕಣಿವೆ. ವಿಸ್ಟಾಡೋಮ್ (ಗಾಜಿನ ಚಾವಣಿಯ) ಬೋಗಿಯ ಸೀಟು ರಜೆಯಲ್ಲಿ ಬೇಗ ಮುಗಿಯುತ್ತದೆ, ಮೊದಲೇ ಬುಕ್ ಮಾಡಿ. ಬೊರ್ರಾ ಗುಹೆ ನೋಡುವವರು ಅರಕುವಿಗೂ ಮೊದಲೇ, ಬೊರ್ರಾ ಗುಹಲು ನಿಲ್ದಾಣದಲ್ಲಿ ಇಳಿಯಬೇಕು. ಗುಹೆಯೊಳಗೆ ತೇವ, ಜಾರದ ಚಪ್ಪಲಿ ಇರಲಿ.

2019ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿಗೆ ಸಿಗುವ ಭೌಗೋಳಿಕ ಗುರುತು) ಪಡೆದ ಇಲ್ಲಿನ ಅರೇಬಿಕಾ ಕಾಫಿ ನಿಜಕ್ಕೂ ಸೊಗಸು. ಆದರೆ ಪೊಟ್ಟಣದ ಮೇಲೆ ಚಿಕೋರಿ ಪ್ರಮಾಣ, ಹುರಿದ ದಿನಾಂಕ ನೋಡದೆ ಕೊಳ್ಳಬೇಡಿ. ಪುಡಿಯ ಘಮ ಬೇಗ ಹಾರುತ್ತದೆ. ಮನೆಯಲ್ಲಿ ಗ್ರೈಂಡರ್ ಇದ್ದರೆ ಹುರಿದ ಬೀಜವನ್ನೇ ತನ್ನಿ.

ಬುಡಕಟ್ಟು ವಸ್ತುಸಂಗ್ರಹಾಲಯ ತಪ್ಪಿಸಬೇಡಿ. ಬಿದಿರಿನ ಬುಟ್ಟಿ ಕೊಳ್ಳುವುದಾದರೆ ಹೆಣಿಗೆ ಬಿಗಿಯಾಗಿರಲಿ; ಬಿದಿರು ಹಸಿಯಿದ್ದರೆ ಮನೆಗೆ ಬಂದಮೇಲೆ ಬೂಷ್ಟು ಹಿಡಿಯುತ್ತದೆ.