ಆರು ತಿಗರಿ, ಹನ್ನೆರಡು ಮಂದಿ: ಕುಂಬಾರಿಕೆ ಕಮ್ಮಟವೊಂದರ ವಿಮರ್ಶೆ

ಕರಕುಶಲ ಕಮ್ಮಟಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಕಲಿಸುವವರ ಕೈಚಳಕವನ್ನು, ಜಾಗದ ಸೊಗಸನ್ನು ಮತ್ತು ಕೊನೆಯ ದಿನ ತಾವು ಮನೆಗೆ ಒಯ್ದ ವಸ್ತುವಿನ ಅಂದವನ್ನು ಹೊಗಳಿ ಮುಗಿಸುತ್ತಾರೆ. ವಾರಕ್ಕೊಮ್ಮೆ ಮೂರು ಗಂಟೆಯಂತೆ ಎಂಟು ವಾರ ನಡೆದ ಕುಂಬಾರಿಕೆ ಕಮ್ಮಟವೊಂದನ್ನು ಈಚೆಗೆ ಪೂರೈಸಿದ ನಾನು ಆ ಮೂರನ್ನೂ ಬದಿಗಿಟ್ಟು, ಸೇರುವ ಮೊದಲು ಯಾರೂ ಕೇಳದ, ಸೇರಿದ ಮೇಲೆ ಎಲ್ಲರೂ ಗೊಣಗುವ ಒಂದು ಸಂಗತಿಯನ್ನಷ್ಟೇ ಇಲ್ಲಿ ಪರಿಶೀಲಿಸುತ್ತೇನೆ. ಕೈ ಪಳಗಿದವರು, ಅರ್ಧ ಕಲಿತವರು, ಮಣ್ಣನ್ನೇ ಮುಟ್ಟದವರು ಒಂದೇ ಕೋಣೆಯಲ್ಲಿ ಸೇರಿದಾಗ ಪಾಠವನ್ನು ಯಾರ ಅಳತೆಗೆ ಹೊಲಿಯಬೇಕು ಎಂಬ ಪ್ರಶ್ನೆ ಅದು. ಕಲಿಯುವವರು ಹನ್ನೆರಡು ಮಂದಿ, ತಿಗರಿಗಳು, ಅಂದರೆ ಮಣ್ಣಿಟ್ಟು ತಿರುಗಿಸುವ ಕುಂಬಾರನ ಚಕ್ರಗಳು, ಆರು, ಬೋಧಕಿ ಒಬ್ಬರು, ಅವರಿಗೆ ಸಹಾಯಕರು ಒಬ್ಬರು. ಕಮ್ಮಟದ ಹೆಸರನ್ನು ಬೇಕೆಂದೇ ಬರೆದಿಲ್ಲ. ಹೊಗಳಿಕೆಯಷ್ಟೇ ದೂರುಗಳೂ ಇವೆ, ಮತ್ತು ಆ ದೂರುಗಳು ಇಂಥ ಬೇರೆ ಕಮ್ಮಟಗಳಿಗೂ ಅನ್ವಯಿಸುವಂಥವು.

ನೋಂದಣಿ ಅರ್ಜಿಯಲ್ಲಿ ‘ಆರಂಭಿಕ’, ‘ಮಧ್ಯಮ’, ‘ಪರಿಣತ’ ಎಂಬ ಮೂರು ಚೌಕಗಳಿದ್ದವು. ಕೆಲವು ವರ್ಷಗಳ ಹಿಂದೆ ನಾಲ್ಕು ದಿನದ ಶಿಬಿರವೊಂದರಲ್ಲಿ ಎರಡು ಬಟ್ಟಲು ಮಾಡಿದ್ದ ಧೈರ್ಯದ ಮೇಲೆ ನಾನು ‘ಮಧ್ಯಮ’ಕ್ಕೆ ಗುರುತು ಹಾಕಿದೆ. ಇಂಥ ಚೌಕಗಳನ್ನು ನಂಬಿ ತಂಡ ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ. 1999ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳಾದ ಜಸ್ಟಿನ್ ಕ್ರೂಗರ್ ಮತ್ತು ಡೇವಿಡ್ ಡನಿಂಗ್ ಅವರು ತರ್ಕ, ವ್ಯಾಕರಣ ಮತ್ತು ಹಾಸ್ಯಪ್ರಜ್ಞೆಯ ಪರೀಕ್ಷೆಗಳನ್ನು ನಡೆಸಿ, ತೀರ ಕಡಿಮೆ ಅಂಕ ಪಡೆದವರು ತಮ್ಮ ಸ್ಥಾನವನ್ನು ಬಹಳ ಮೇಲಕ್ಕೂ, ಹೆಚ್ಚು ಅಂಕ ಪಡೆದವರು ತುಸು ಕೆಳಕ್ಕೂ ಊಹಿಸಿಕೊಂಡಿದ್ದರೆಂದು ವರದಿ ಮಾಡಿದ್ದರು. ಮಣ್ಣಿನ ಕೆಲಸದಲ್ಲಿ ಹೀಗೆ ಮೋಸಹೋಗುವುದು ಇನ್ನೂ ಸುಲಭ, ಏಕೆಂದರೆ ಹೊರಮೈ ನುಣುಪಾಗಿದ್ದರೆ ಒಳಗಿನ ದೋಷ ಮಾಡಿದವರ ಕಣ್ಣಿಗೂ ಬೀಳುವುದಿಲ್ಲ.

ಬೋಧಕಿ ಆ ಚೌಕಗಳನ್ನು ನಂಬಲಿಲ್ಲ ಎಂಬುದೇ ಈ ಕಮ್ಮಟದ ದೊಡ್ಡ ಗುಣ. ಮೊದಲ ದಿನ ಪರಿಚಯದ ಮಾತುಗಳನ್ನು ಹತ್ತು ನಿಮಿಷಕ್ಕೆ ಮುಗಿಸಿ, ಪ್ರತಿಯೊಬ್ಬರಿಗೂ ತೂಗಿ ಒಂದೊಂದು ಕಿಲೋ ಹದಮಾಡಿದ ಮಣ್ಣು ಕೊಟ್ಟು, “ಅರ್ಧ ಗಂಟೆಯೊಳಗೆ ನಿಮ್ಮಿಂದ ಆದಷ್ಟು ಎತ್ತರದ ಸಿಲಿಂಡರ್ ಎತ್ತಿ. ಆಗದಿದ್ದರೆ ಆಗದ್ದನ್ನೇ ತೋರಿಸಿ” ಎಂದರು. ಆರಾರು ಮಂದಿಯಂತೆ ಎರಡು ಸರದಿಯಲ್ಲಿ ಕೆಲಸ ಮುಗಿದ ಮೇಲೆ, ತೆಳ್ಳನೆಯ ತಂತಿಯನ್ನು ಎರಡೂ ಕೈಗಳಲ್ಲಿ ಬಿಗಿಯಾಗಿ ಹಿಡಿದು, ಒಂದೊಂದು ಪಾತ್ರೆಯನ್ನೂ ಬಾಯಿಂದ ತಳದವರೆಗೆ ಸೀಳಿ, ಹೋಳುಗಳನ್ನು ಹಲಗೆಯ ಮೇಲೆ ಸಾಲಾಗಿ ಮಲಗಿಸಿದರು. ಹೊರಗಿನಿಂದ ನೋಡಿದಾಗ ನನ್ನದು ನೆಟ್ಟಗೆ ನಿಂತಿತ್ತು, ಒಳಗೊಳಗೇ ಬೀಗುತ್ತಲೂ ಇದ್ದೆ. ಸೀಳಿದ ಮೇಲೆ ಕಂಡದ್ದು ಬೇರೆ: ಬಾಯಂಚಿನ ಬಳಿ ಗೋಡೆ 4 ಮಿಲಿಮೀಟರ್ ಇದ್ದರೆ, ಗೋಡೆಯೂ ತಳವೂ ಕೂಡುವ ಮೂಲೆಯಲ್ಲಿ 14 ಮಿಲಿಮೀಟರ್ ದಪ್ಪದ ಮಣ್ಣು ಕದಲದೆ ಕುಳಿತಿತ್ತು. “ನಿಮ್ಮ ಎತ್ತರವೆಲ್ಲ ಇಲ್ಲೇ ಉಳಿದಿದೆ ನೋಡಿ. ಬೆರಳನ್ನು ತಳಕ್ಕೆ ಊರದೆ, ಒಂದು ಅಂಗುಲ ಮೇಲಿನಿಂದ ಎಳೆಯಲು ಶುರುಮಾಡಿದ್ದೀರಿ” ಎಂದು ಅವರು ಆ ಮೂಲೆಗೆ ಉಗುರು ತಾಗಿಸಿ ತೋರಿಸಿದರು. ಪಕ್ಕದ ಹೋಳೊಂದರಲ್ಲಿ ಒಂದು ಕಡೆಯ ಗೋಡೆ ಇನ್ನೊಂದು ಕಡೆಯದಕ್ಕಿಂತ ಎರಡರಷ್ಟು ದಪ್ಪವಾಗಿತ್ತು. ಅಂದರೆ ಅದನ್ನು ಮಾಡಿದವರಿಗೆ ಮುದ್ದೆಯನ್ನು ತಿಗರಿಯ ನಡುವಿಗೆ ತಂದು ನಿಲ್ಲಿಸುವುದೇ ಇನ್ನೂ ಬಂದಿರಲಿಲ್ಲ, ಗೋಡೆ ಎತ್ತುವ ಪಾಠ ಅವರಿಗೆ ಆ ದಿನ ಕೊಟ್ಟಿದ್ದರೂ ವ್ಯರ್ಥವಾಗುತ್ತಿತ್ತು.

ಬೋಧಕಿ ತಮ್ಮ ಪುಸ್ತಕದಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಮೂರು ಸಂಗತಿಗಳನ್ನು ಬೇರೆಬೇರೆಯಾಗಿ ಬರೆದುಕೊಂಡರು: ನಡು ಹಿಡಿಯುವುದು, ಗೋಡೆ ಎತ್ತುವುದು, ಎಲ್ಲಿ ಕೈ ನಿಲ್ಲಿಸಬೇಕೆಂಬ ತಿಳಿವಳಿಕೆ. ಮೂರನ್ನೂ ಕೂಡಿಸಿ ಒಂದು ದರ್ಜೆ ಕೊಡುವ ಗೋಜಿಗೆ ಅವರು ಹೋಗಲಿಲ್ಲ. ಇದು ಎಷ್ಟು ವಿವೇಕದ ಕೆಲಸವಾಗಿತ್ತೆಂಬುದು ನಮ್ಮ ತಂಡದ ಹಿರಿಯರೊಬ್ಬರನ್ನು ನೋಡಿದಾಗ ಅರ್ಥವಾಯಿತು. ಅವರು ಅರ್ಜಿಯಲ್ಲಿ ‘ಆರಂಭಿಕ’ ಎಂದು ಬರೆದಿದ್ದರು, ತಿಗರಿಯ ಮಟ್ಟಿಗೆ ಅದು ನಿಜವೂ ಆಗಿತ್ತು. ಆದರೆ ಮಣ್ಣನ್ನು ಬತ್ತಿಯಂತೆ ಹೊಸೆದು, ಸುರುಳಿ ಸುತ್ತಿ, ಬೆರಳಿನಿಂದ ಬೆಸೆದು ಗೋಡೆ ಏರಿಸುವ ಕೆಲಸವನ್ನು ಅವರು ವರ್ಷಗಟ್ಟಲೆ ಮಾಡಿದ್ದರು. ಮಣ್ಣು ಯಾವಾಗ ಬಿರಿಯುತ್ತದೆ, ಯಾವಾಗ ಬಾಗುತ್ತದೆ ಎಂಬುದನ್ನು ಅವರ ಬೆರಳು ನಮ್ಮೆಲ್ಲರಿಗಿಂತ ಮೊದಲೇ ಹೇಳುತ್ತಿತ್ತು. ಅವರನ್ನು ಆರಂಭಿಕರ ಸಾಲಿನಲ್ಲಿ ಕೂರಿಸಿ ಮಣ್ಣು ನಾದುವುದನ್ನು ಕಲಿಸಹೊರಟಿದ್ದರೆ ಎರಡನೇ ವಾರಕ್ಕೆ ಬರುತ್ತಿರಲಿಲ್ಲವೇನೋ. ಎಡಗೈ ಬಳಸುವ ಯುವತಿಯೊಬ್ಬರ ಕಥೆ ಇನ್ನೂ ಚಿಕ್ಕದು: ಮೊದಲ ಸರದಿಯಲ್ಲಿ ಅವರ ಮಣ್ಣು ಪದೇಪದೇ ಕುಸಿಯಿತು, ತಿಗರಿ ತಿರುಗುವ ದಿಕ್ಕನ್ನು ಬದಲಿಸುವ ಗುಂಡಿಯನ್ನು ಒತ್ತಿದ ಮೇಲೆ ಕುಸಿಯುವುದು ನಿಂತಿತು. ಮಟ್ಟದ ಕೊರತೆಯೆಂದು ಬರೆದುಕೊಳ್ಳಬಹುದಾಗಿದ್ದ ಸಂಗತಿ ಒಂದು ಗುಂಡಿಯ ಸಂಗತಿಯಾಗಿತ್ತು.

ಎರಡರಿಂದ ನಾಲ್ಕನೇ ವಾರದವರೆಗೆ ಎಲ್ಲರ ಕೆಲಸವೂ ಹೆಸರಿಗೆ ಒಂದೇ, ಹಿಡಿಯಿಲ್ಲದ ಲೋಟ. ಅಳತೆ ಮಾತ್ರ ಬೇರೆಬೇರೆ. ಹೊಸಬರಿಗೆ 400 ಗ್ರಾಂ ಮಣ್ಣು, ಎತ್ತರದ ಷರತ್ತಿಲ್ಲ. ನನ್ನಂಥವರಿಗೆ ಅಷ್ಟೇ ಮಣ್ಣು, ಆದರೆ ಮೂರು ಲೋಟಗಳು ಒಂದೇ ಎತ್ತರಕ್ಕೆ ಬರಬೇಕು. ಪಳಗಿದ ಇಬ್ಬರಿಗೆ ಆರು ಲೋಟಗಳ ಜೋಡಿ, ಒಂದರ ಬಾಯಿ ಇನ್ನೊಂದರ ಮೇಲೆ ಕೂರಬೇಕು. ಹೀಗೆ ಮಾಡಿದ್ದರಿಂದ ಬೋಧಕಿಯ ಒಂದೇ ಪ್ರಾತ್ಯಕ್ಷಿಕೆ ಎಲ್ಲರಿಗೂ ಉಪಯೋಗಕ್ಕೆ ಬಂತು, ಹೊಸಬರು ಪಕ್ಕದ ತಿಗರಿಯಲ್ಲಿ ತಮ್ಮದೇ ಕೆಲಸದ ಮುಂದಿನ ರೂಪವನ್ನು ನೋಡಿದರು, ಯಾರಿಗೂ ತಾವು ಮಕ್ಕಳ ತರಗತಿಯಲ್ಲಿ ಕುಳಿತಿದ್ದೇವೆ ಎನಿಸಲಿಲ್ಲ.

ಬೋಧಕಿ ಸಹಾಯ ಮಾಡುತ್ತಿದ್ದ ಬಗೆಯನ್ನೂ ಹೇಳಬೇಕು. 1976ರಲ್ಲಿ ಮನೋವಿಜ್ಞಾನಿಗಳಾದ ಡೇವಿಡ್ ವುಡ್, ಜೆರೋಮ್ ಬ್ರೂನರ್ ಮತ್ತು ಗೇಲ್ ರಾಸ್ ಅವರು ಮೂರರಿಂದ ಐದು ವರ್ಷದ ಮಕ್ಕಳಿಗೆ 21 ಮರದ ತುಂಡುಗಳಿಂದ ಪಿರಮಿಡ್ ಕಟ್ಟುವುದನ್ನು ಕಲಿಸುವಾಗ ನಡೆಸಿದ ಅಧ್ಯಯನದಲ್ಲಿ, ಕಲಿಸುವವರ ಪಾತ್ರ ವಯಸ್ಸಿಗೆ ತಕ್ಕಂತೆ ಬದಲಾಗುವುದನ್ನು ಗುರುತಿಸಿದ್ದರು: ಚಿಕ್ಕವರನ್ನು ಕೆಲಸಕ್ಕೆ ಎಳೆದು ತರುವುದೇ ಮುಖ್ಯ, ನಡುವಿನವರಿಗೆ ತಪ್ಪನ್ನು ಮಾತಿನಲ್ಲಿ ಎತ್ತಿ ತೋರಿಸಿದರೆ ಸಾಕು, ದೊಡ್ಡವರಿಗೆ ಬೇಕಾದದ್ದು ಕಟ್ಟಿದ್ದು ಸರಿಯೇ ಎಂಬ ಖಾತರಿ ಮಾತ್ರ. ಆಧಾರ ಕೊಡುತ್ತ, ಕೈಗೂಡಿದಂತೆ ಅದನ್ನು ಕಳಚುತ್ತ ಹೋಗುವ ಈ ಕ್ರಮವನ್ನು ಅವರು ಕಟ್ಟಡಕ್ಕೆ ಕಟ್ಟುವ ಸಾರುವೆಗೆ ಹೋಲಿಸಿದರು. ನಮ್ಮ ಬೋಧಕಿ ಹೊಸಬರ ಕೈಮೇಲೆ ತಮ್ಮ ಕೈಯಿಟ್ಟು ಒತ್ತಡ ಎಷ್ಟೆಂದು ತಿಳಿಸುತ್ತಿದ್ದರು. ನನ್ನ ಬಳಿ ನಿಂತಾಗ “ಮೊಣಕೈ” ಎಂಬ ಒಂದೇ ಮಾತು, ಅಂದರೆ ಮೊಣಕೈಯನ್ನು ತೊಡೆಗೆ ಊರಿಕೊಳ್ಳಿ ಎಂದು ಅರ್ಥ. ಪಳಗಿದವರ ಹಿಂದೆ ಸುಮ್ಮನೆ ನಿಂತು ನೋಡಿ ಮುಂದೆ ಹೋಗುತ್ತಿದ್ದರು. ಐದನೇ ವಾರ ನನ್ನ ಬಳಿ ಏನೂ ಹೇಳದೆ ಹಾದುಹೋದಾಗ ಸಿಕ್ಕ ಸಂತೋಷವನ್ನು ಇಲ್ಲಿ ವಿವರಿಸಲು ಸಂಕೋಚವಾಗುತ್ತದೆ.

ಸಹಾಯಕರ ವಿಷಯದಲ್ಲಿ ಹೀಗೆ ಹೇಳಲಾರೆ. ಅವರು ಶ್ರದ್ಧಾವಂತರು, ಆದರೆ ಎಲ್ಲರಿಗೂ ಒಂದೇ ರೀತಿ, ಪ್ರತಿ ಹೆಜ್ಜೆಯನ್ನೂ ಬಾಯಿಬಿಟ್ಟು ಹೇಳುತ್ತಿದ್ದರು. ಹೊಸಬರಿಗೆ ಅದು ವರ. ಕೈ ಪಳಗಿದವರಿಗೆ ಮಾತ್ರ ತಮ್ಮ ಬೆರಳಿಗೆ ಗೊತ್ತಿರುವುದನ್ನೇ ಕಿವಿಯಲ್ಲಿ ಮತ್ತೆ ಕೇಳುತ್ತ ಕೆಲಸ ಮಾಡಬೇಕಾಗಿ ಬಂದು ಲಯ ತಪ್ಪುತ್ತಿತ್ತು. ಹೊಸಬರಿಗೆ ನೆರವಾಗುವ ವಿವರವೇ ಬಲ್ಲವರಿಗೆ ಅಡ್ಡಿಯಾಗುತ್ತದೆಂಬುದನ್ನು ಕಲಿಕೆಯ ಸಂಶೋಧಕರಾದ ಸ್ಲಾವಾ ಕಲ್ಯೂಗಾ, ಜಾನ್ ಸ್ವೆಲರ್ ಮತ್ತು ಸಂಗಡಿಗರು 2003ರಲ್ಲಿ ವಿಶದವಾಗಿ ಚರ್ಚಿಸಿದ್ದಾರೆ. ಅದನ್ನು ತಿಳಿಯಲು ಪ್ರಬಂಧ ಓದಬೇಕಿಲ್ಲ, ನಮ್ಮ ತಂಡದ ಪಳಗಿದ ಇಬ್ಬರ ಹುಬ್ಬು ನೋಡಿದ್ದರೆ ಸಾಕಿತ್ತು. ತಿಗರಿಗಾಗಿ ಕಾಯುವ ಹೊತ್ತಿನ ಬಗ್ಗೆಯೂ ಸ್ವಲ್ಪ ಯೋಚಿಸಬಹುದಿತ್ತು. ಆರು ಮಂದಿ ತಿರುಗಿಸುವಾಗ ಉಳಿದ ಆರು ಮಂದಿ ಮಣ್ಣು ನಾದಬೇಕೆಂಬುದು ಏರ್ಪಾಡು. ನಾದಲು ಇಪ್ಪತ್ತು ನಿಮಿಷ ಸಾಕು, ಸರದಿ ಬರುವುದು ಒಂದೂಕಾಲು ಗಂಟೆಗೆ.

ಇನ್ನು ಐದನೇ ವಾರ. ಈ ಕಮ್ಮಟದ ಅಸಲಿ ದೋಷ ಹೊರಬಿದ್ದದ್ದು ಆಗ. ಲೋಟಗಳನ್ನು ತಿಗರಿಯ ಮೇಲೆ ಬೋರಲು ಹಾಕಿ, ತಳದ ಹೆಚ್ಚುವರಿ ಮಣ್ಣನ್ನು ಕೆತ್ತಿ ತೆಗೆಯುವ ದಿನ ಅದು. ಕೆತ್ತಲು ಮಣ್ಣು ಒಂದು ನಿರ್ದಿಷ್ಟ ಹದದಲ್ಲಿರಬೇಕು: ಉಗುರಿನಿಂದ ಒತ್ತಿದರೆ ಗುರುತು ಮೂಡಬೇಕು, ಕೈಯಲ್ಲಿ ಹಿಡಿದರೆ ಆಕಾರ ಕೆಡಬಾರದು. ಹಸಿಯಾಗಿದ್ದರೆ ಉಳಿ ಕಚ್ಚಿಕೊಂಡು ಪಾತ್ರೆ ಕಿತ್ತುಬರುತ್ತದೆ, ಪೂರ್ತಿ ಒಣಗಿದ್ದರೆ ಉಳಿಗೆ ಪುಡಿ ಉದುರುತ್ತದೆ, ಅಂಚು ಸಿಡಿಯುತ್ತದೆ. ಈ ಹದ ಯಾವ ದಿನ ಬರುತ್ತದೆಂಬುದು ಗೋಡೆಯ ದಪ್ಪವನ್ನು ಅವಲಂಬಿಸಿದೆ, ಗೋಡೆಯ ದಪ್ಪ ಮಾಡಿದವರ ಕೈಯನ್ನು ಅವಲಂಬಿಸಿದೆ. ನಾಲ್ಕು ವಾರ ನಮ್ಮ ಕೈಗಳನ್ನು ಅಷ್ಟು ಸೂಕ್ಷ್ಮವಾಗಿ ಬೇರ್ಪಡಿಸಿ ನೋಡಿದ ಕಮ್ಮಟ, ಕೈ ತೊಳೆದುಕೊಂಡು ನಾವು ಮನೆಗೆ ಹೋದ ಮೇಲೆ ಎಲ್ಲರ ಪಾತ್ರೆಗಳನ್ನೂ ಒಂದೇ ಕಪಾಟಿನಲ್ಲಿಟ್ಟು ಒಂದೇ ಪ್ಲಾಸ್ಟಿಕ್ ಹಾಳೆ ಹೊದಿಸಿತು. ವಾರ ಕಳೆದು ಹಾಳೆ ಸರಿಸಿದಾಗ ಪಳಗಿದವರ ತೆಳುಗೋಡೆಯ ಲೋಟಗಳು ಬಿಳಿಚಿಕೊಂಡು ಒಣಗಿಹೋಗಿದ್ದವು, ಹೊಸಬರ ದಪ್ಪ ತಳದ ಲೋಟಗಳಲ್ಲಿ ಹೆಬ್ಬೆರಳು ಇನ್ನೂ ಇಳಿಯುತ್ತಿತ್ತು. ಹದ ಬಂದಿದ್ದವು ನಡುವಿನ ಮೂರ್ನಾಲ್ಕು ಮಂದಿಯವು ಮಾತ್ರ. ಪಳಗಿದವರಲ್ಲೊಬ್ಬರು ಒಣಗಿದ ಲೋಟಕ್ಕೆ ನೀರು ಚಿಮುಕಿಸಿ ನೋಡಿದರು. ಅಂಚಿನಿಂದ ಕೂದಲೆಳೆಯಂಥ ಬಿರುಕೊಂದು ನಿಧಾನವಾಗಿ ಕೆಳಗಿಳಿಯಿತು. ತೆಳುವಾದವನ್ನು ಬಿಗಿಯಾಗಿ ಸುತ್ತಿ, ದಪ್ಪನೆಯವನ್ನು ಸಡಿಲವಾಗಿ ಬಿಟ್ಟು, ವಾರದ ನಡುವೆ ಯಾರಾದರೂ ಒಮ್ಮೆ ಮುಟ್ಟಿ ನೋಡಿದ್ದರೆ ಅಥವಾ ಕೆತ್ತಲು ಎರಡು ದಿನ ಇಟ್ಟಿದ್ದರೆ ಇದಾವುದೂ ಆಗುತ್ತಿರಲಿಲ್ಲ. ಪಾಠಪಟ್ಟಿಯಲ್ಲಿ ಅದಕ್ಕೆ ಒಂದೇ ದಿನವಿತ್ತು, ಎಲ್ಲರಿಗೂ ಅದೇ ದಿನ.

ಇದರ ಮುಂದುವರಿಕೆ ಆವಿಗೆಯಲ್ಲಿ, ಅಂದರೆ ಪಾತ್ರೆ ಸುಡುವ ಗೂಡಿನಲ್ಲಿ, ನಡೆಯಿತು. ತಳ ಕೆತ್ತಲಾಗದೆ ದಪ್ಪವಾಗಿಯೇ ಉಳಿದ ಲೋಟಗಳು ಉಳಿದವುಗಳ ಜೊತೆಗೇ ಮೊದಲ ಸುಡುವಿಕೆಗೆ ಹೋದವು. ಈ ಹಂತದಲ್ಲಿ ವಿದ್ಯುತ್ ಆವಿಗೆಯನ್ನು ಸುಮಾರು 1000 ಡಿಗ್ರಿ ಸೆಲ್ಸಿಯಸ್‌ವರೆಗೆ ಏರಿಸುತ್ತಾರೆ. ಆದರೆ ಅಪಾಯವಿರುವುದು ಆರಂಭದಲ್ಲೇ, 100 ಡಿಗ್ರಿಯ ಆಸುಪಾಸಿನಲ್ಲಿ, ದಪ್ಪ ಮಣ್ಣಿನ ಹೊಟ್ಟೆಯಲ್ಲಿ ಉಳಿದ ತೇವ ಆವಿಯಾಗಿ ಹೊರಬರಲು ದಾರಿ ಕಾಣದಾಗ. ಹೊಸಬರೊಬ್ಬರ ಲೋಟ ಸಿಡಿಯಿತು. ಅದರ ಚೂರುಗಳು ಪಕ್ಕದಲ್ಲಿದ್ದ ನನ್ನ ಬಟ್ಟಲಿನ ಅಂಚನ್ನೂ, ಹಿರಿಯರ ಸುರುಳಿ ಪಾತ್ರೆಯ ಕಂಠವನ್ನೂ ಕೊಂಡೊಯ್ದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ನಮ್ಮ ದೊಣ್ಣೆ ಆವಿಗೆಯ ಒಳಗೇ ಕುಳಿತಿತ್ತು. ಲೋಟ ಮಾಡಿದವರು ಆ ದಿನವೆಲ್ಲ ನಮ್ಮಿಬ್ಬರ ಮುಖ ನೋಡದೆ ಓಡಾಡಿದ್ದು ನನಗೆ ಬಟ್ಟಲಿಗಿಂತ ಹೆಚ್ಚು ಬೇಸರ ತಂದಿತು. ಆವಿಗೆಗೆ ಜೋಡಿಸುವ ಮೊದಲು ಪ್ರತಿ ಪಾತ್ರೆಯನ್ನೂ ಕೆನ್ನೆಗೆ ತಾಗಿಸಿ ನೋಡುವುದು ಹಳೆಯ ರೂಢಿ, ತಣ್ಣಗಿದ್ದರೆ ಒಳಗೆ ತೇವವಿದೆಯೆಂದು ಲೆಕ್ಕ. ಆ ಕೆಲಸ ಕಲಿಯುವವರದಲ್ಲ, ಆವಿಗೆ ತುಂಬುವವರದು. ಬೋಧಕಿ ಎಲ್ಲರೆದುರು ತಪ್ಪು ತಮ್ಮದೆಂದು ಒಪ್ಪಿಕೊಂಡರು, ಮುಂದಿನ ಸಲ ದಪ್ಪ ಪಾತ್ರೆಗಳನ್ನು ಬೇರೆಯಾಗಿ ಇಡೀ ರಾತ್ರಿ 90 ಡಿಗ್ರಿಯೊಳಗೆ ಕಾಯಿಸಿದ ಮೇಲೆಯೇ ಬೆಂಕಿ ಏರಿಸಿದರು. ಆ ಸಲ ಒಂದೂ ಒಡೆಯಲಿಲ್ಲ.

ಗ್ಲೇಜ್ ಎಂಬ ಗಾಜಿನಂಥ ಹೊಳಪಿನ ಲೇಪ ಹಚ್ಚುವ ಏಳನೇ ವಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿ ನಾವೆಲ್ಲರೂ ಬಹುಮಟ್ಟಿಗೆ ಒಂದೇ ಮಟ್ಟದ ಅಜ್ಞಾನಿಗಳಾಗಿದ್ದೆವು, ಆದ್ದರಿಂದ ಎಲ್ಲರನ್ನೂ ಒಟ್ಟಿಗೆ ಕೂರಿಸಿ ಕೊಟ್ಟ ಒಂದು ಗಂಟೆಯ ಪಾಠ ಚೆನ್ನಾಗಿಯೇ ನಡೆಯಿತು. ತಳಕ್ಕೆ ಮೇಣ ಸವರಿ, ದ್ರಾವಣದಲ್ಲಿ ಮೂರು ಎಣಿಸುವಷ್ಟು ಹೊತ್ತು ಅದ್ದಿ ತೆಗೆಯುವುದನ್ನು ಪಳಗಿದವರೂ ನಮ್ಮಂತೆಯೇ ಬಾಯಲ್ಲಿ ಎಣಿಸಿಕೊಂಡೇ ಮಾಡಿದರು.

ಯಾರಿಗೆ ಈ ಕಮ್ಮಟವನ್ನು ಶಿಫಾರಸು ಮಾಡಬಹುದು? ಮಣ್ಣನ್ನೇ ಮುಟ್ಟದವರಿಗೆ ನಿಸ್ಸಂಕೋಚವಾಗಿ. ಅವರಿಗೆ ಸಿಕ್ಕಷ್ಟು ಗಮನ ಹನ್ನೆರಡು ಮಂದಿಯ ತಂಡದಲ್ಲಿ ಸಿಗುವುದು ಅಪರೂಪ. ನನ್ನಂತೆ ತಮ್ಮನ್ನು ಮಧ್ಯಮರೆಂದು ಭಾವಿಸಿಕೊಂಡವರು ಸೀಳಿದ ಸಿಲಿಂಡರನ್ನು ನೋಡುವ ಸಲುವಾಗಿಯಾದರೂ ಹೋಗಬೇಕು. ನಿಜವಾಗಿಯೂ ಪಳಗಿದವರು ಮಾತ್ರ ತುಸು ಯೋಚಿಸಲಿ, ತಿಗರಿಯ ಮೇಲೆ ಅವರಿಗೆ ಸಿಗುವ ಹೊತ್ತು ಕಡಿಮೆ, ಸಹಾಯಕರ ಮಾತು ಹೆಚ್ಚು. ಮುಂದಿನ ತಂಡಕ್ಕೆ ಹೆಸರು ಕೊಡುವ ಮುನ್ನ ನಾನು ಕಮ್ಮಟದವರಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ: ತಳ ಕೆತ್ತುವುದಕ್ಕೆ ಎಷ್ಟು ದಿನ ಇಟ್ಟಿದ್ದೀರಿ? “ಎರಡು, ಮತ್ತೆ ಈ ಸಲ ಪ್ರತಿಯೊಬ್ಬರ ಪಾತ್ರೆಗೂ ಬೇರೆ ಹೊದಿಕೆ” ಎಂದರು. ಹೆಸರು ಬರೆಸಿದೆ, ‘ಆರಂಭಿಕ’ ಎಂಬ ಚೌಕದಲ್ಲಿ.