14 ಅರ್ಧಂಬರ್ಧ ಕ್ವಿಲ್ಟ್, 850 ರೂಪಾಯಿಯ ಒಂದು ವಾಕಿಂಗ್ ಫೂಟ್

ಮೊದಲೇ ಹೇಳಿಬಿಡುತ್ತೇನೆ. ಕ್ವಿಲ್ಟಿನ, ಅಂದರೆ ತುಂಡು ಬಟ್ಟೆ ಜೋಡಿಸಿ ಪದರ ಪದರವಾಗಿ ಹೊಲಿಯುವ ಹೊದಿಕೆಯ, ಮೇಲ್ಪದರ ಜೋಡಿಸಿ ಆಗಿದೆ, ಪದರಗಳನ್ನು ಸೇರಿಸಿ ಹೊಲಿಯೋಕೆ ಮಾತ್ರ ಧೈರ್ಯ ಬರುತ್ತಿಲ್ಲ ಅನ್ನುವವರು ಹೊಲಿಗೆ ಮೆಷಿನ್ನಿಗೆ ಹಾಕುವ ಈ ವಾಕಿಂಗ್ ಫೂಟನ್ನು ತಗೊಳ್ಳಿ. ಬಟ್ಟೆ ಕತ್ತರಿಸಿ, ಡಬ್ಬಿಗೆ ತುಂಬಿ, ಡಬ್ಬಿಯನ್ನು ಅಟ್ಟಕ್ಕೆ ಹಾಕಿ ಮರೆತವರಿಗೆ ಇದರಿಂದ ಮೂರು ಕಾಸಿನ ಉಪಯೋಗವಿಲ್ಲ. ನಾನು ಎರಡೂ ಕಡೆಗೆ ಸೇರಿದವಳು.

ನಮ್ಮ ಮನೆ ಮೈಸೂರಿನ ಕುವೆಂಪುನಗರದಲ್ಲಿ. ಶನಿವಾರ ಮಧ್ಯಾಹ್ನ ಸರಸ್ವತಿಪುರಂನ ಒಬ್ಬರ ಮನೆಯಲ್ಲಿ ನಾವು ಏಳು ಜನ ಸೇರಿ ಕ್ವಿಲ್ಟ್ ಹೊಲಿಯುತ್ತೇವೆ. ಅದು ಒಂದು ಗುಂಪು. ವಾಟ್ಸಾಪಿನಲ್ಲಿ ಇನ್ನೊಂದಿದೆ, ತಿಂಗಳಿಗೊಂದು ಬ್ಲಾಕ್, ಅಂದರೆ ತುಂಡುಗಳನ್ನು ಜೋಡಿಸಿದ ಒಂದು ಚೌಕ, ಹೊಲಿಯುವವರದ್ದು. ವರ್ಷ ಮುಗಿದಾಗ 12 ಬ್ಲಾಕ್ ಸೇರಿ ಒಂದು ಕ್ವಿಲ್ಟ್ ಆಗಬೇಕು. ನನ್ನದು ಜನವರಿಯಲ್ಲಿ ಶುರುವಾಗಿ ಮಾರ್ಚ್‌ನಲ್ಲಿ ನಿಂತಿದೆ. ಯಾವ ವರ್ಷದ ಮಾರ್ಚ್ ಅಂತ ಕೇಳಬೇಡಿ. ಮೂರನೆಯದು ರೌಂಡ್ ರಾಬಿನ್. ನೀವು ನಡುವಿನ ಚೌಕ ಒಂದನ್ನು ಹೊಲಿದು ಕೊಡುತ್ತೀರಿ. ಅದು ಮನೆಯಿಂದ ಮನೆಗೆ ಹೋಗುತ್ತದೆ, ಒಬ್ಬೊಬ್ಬರೂ ಸುತ್ತಲೂ ಒಂದೊಂದು ಅಂಚು ಸೇರಿಸುತ್ತಾರೆ, ಕೊನೆಗೆ ದೊಡ್ಡದಾಗಿ ನಿಮ್ಮ ಕೈಗೇ ವಾಪಸ್ ಬರುತ್ತದೆ. ಹಾಗೆ ಬಂದ ಬೇರೊಬ್ಬರ ಚೌಕ ನನ್ನ ಬೀರುವಿನಲ್ಲಿ ಐದು ತಿಂಗಳಿಂದ ಕೂತಿದೆ. ಅವರು ಶನಿವಾರ ನನ್ನ ಎದುರಿಗೇ ಕೂರುತ್ತಾರೆ. ಒಂದು ಮಾತು ಕೇಳುವುದಿಲ್ಲ, ಕಾಫಿ ಲೋಟ ಕೊಡುವಾಗ ಸುಮ್ನೆ ಮುಖ ನೋಡಿ ನಗುತ್ತಾರೆ. ಕೇಳಿಬಿಟ್ಟಿದ್ದರೇ ವಾಸಿಯಿತ್ತು.

ಈ ವರ್ಷ ಶನಿವಾರದ ಗುಂಪಿನಲ್ಲಿ ಒಂದು ಚಾಲೆಂಜ್ ಹಾಕಿಕೊಂಡೆವು. ಹೊಸದು ಶುರು ಮಾಡುವ ಹಾಗಿಲ್ಲ. ಪ್ರತಿಯೊಬ್ಬರೂ ಅರ್ಧಕ್ಕೆ ನಿಂತ ಕೆಲಸಗಳನ್ನು 1ರಿಂದ 9ರವರೆಗೆ ಪಟ್ಟಿ ಮಾಡಬೇಕು. ತಿಂಗಳ ಮೊದಲ ಶನಿವಾರ ಚೀಟಿ ಎತ್ತುವುದು, ಬಂದ ನಂಬರಿನ ಕೆಲಸವನ್ನು ಆ ತಿಂಗಳು ಮುಗಿಸುವುದು. ಜನವರಿಯಿಂದ ಸೆಪ್ಟೆಂಬರ್‌ವರೆಗೆ ಒಂಬತ್ತು ತಿಂಗಳು, ದಸರಾ ಗಲಾಟೆ ಶುರುವಾಗುವ ಮುಂಚೆ ಎಲ್ಲ ಮುಗಿಯಲಿ ಅಂತ. ನನಗೆ ಒಂಬತ್ತು ಸಿಗುತ್ತವೋ ಇಲ್ಲವೋ ಅಂದುಕೊಂಡು ಬೀರು, ಮಂಚದ ಕೆಳಗೆ, ಅಟ್ಟ ಎಲ್ಲ ಹುಡುಕಿದೆ. ಹದಿನಾಲ್ಕು ಸಿಕ್ಕವು.

ಅದರಲ್ಲಿ ಒಂದು ಗೊಂಬೆ ಮೆಟ್ಟಿಲಿಗೆ ಹಾಸುವ ಬಟ್ಟೆ. ನವರಾತ್ರಿಗೆ ಪಟ್ಟದ ಗೊಂಬೆ ಇಳಿಸುವಾಗ ನೆನಪಾಗುತ್ತದೆ, ಎರಡು ರಾತ್ರಿ ಕೂತು ಹೊಲಿಯುತ್ತೇನೆ, ಮುಗಿಯದೆ ಬಿಳಿ ಪಂಚೆಯನ್ನೇ ಹಾಸುತ್ತೇನೆ. ವಿಜಯದಶಮಿ ಕಳೆದರೆ ಗೊಂಬೆಗಳ ಜೊತೆ ಅದೂ ಪೆಟ್ಟಿಗೆ ಸೇರುತ್ತದೆ. ನಾಲ್ಕು ವರ್ಷಕ್ಕೆ ಮೂರು ಮೆಟ್ಟಿಲಿನಷ್ಟು ಆಗಿದೆ. ಇರುವುದು ಏಳು ಮೆಟ್ಟಿಲು. ಇನ್ನೊಂದು ಅಮ್ಮನ ಮೈಸೂರು ಸಿಲ್ಕ್ ಸೀರೆಯ ತುಂಡುಗಳದ್ದು. ಮಡಿಕೆ ಮಡಿಕೆಯಲ್ಲೇ ಸೀಳಿದ್ದ ಸೀರೆ, ಬಿಸಾಡಲು ಮನಸ್ಸು ಬರಲಿಲ್ಲ. ಆದರೆ ಆ ಕ್ರೇಪ್ ರೇಷ್ಮೆ ಕತ್ತರಿ ಕೆಳಗೆ ಮೀನಿನ ಹಾಗೆ ಜಾರುತ್ತದೆ. ಹಿಂದೆ ಅಂಟುಬಟ್ಟೆ ಇಸ್ತ್ರಿ ಮಾಡಿ ಕೂರಿಸದೆ ಅದನ್ನು ನೇರವಾಗಿ ಕತ್ತರಿಸುವುದು ಆಗದ ಮಾತು.

ಪಟ್ಟಿ ಬರೆಯುವಾಗ ಒಂದು ವಿಷಯ ಗೊತ್ತಾಯಿತು. ಹದಿನಾಲ್ಕರಲ್ಲಿ ಐದು ಒಂದೇ ಕಡೆ ನಿಂತಿದ್ದವು. ಮೇಲ್ಪದರ ಪೂರ್ತಿ ಜೋಡಿಸಿ, ಇಸ್ತ್ರಿ ಹಾಕಿ, ಚೆನ್ನಾಗಿ ಮಡಿಚಿಟ್ಟಿದ್ದೆ. ಮುಂದೆ ಒಂದು ಹೊಲಿಗೆಯೂ ಬಿದ್ದಿಲ್ಲ. ಕಾರಣ ಸೋಮಾರಿತನ ಅಲ್ಲ, ಭಯ. ಮೊದಲ ಕ್ವಿಲ್ಟ್ ಹೊಲಿದಾಗ ಬೆನ್ನ ಕಡೆ ಬಿದ್ದ ನೆರಿಗೆಗಳನ್ನು ನೋಡಿ ಅತ್ತಿದ್ದೆ.

ಯಾಕೆ ಹಾಗಾಗುತ್ತದೆ ಅಂದರೆ, ಮೆಷಿನ್ನಿನಲ್ಲಿ ಬಟ್ಟೆಯನ್ನು ಎಳೆಯುವ ಹಲ್ಲುಗಳು ಇರುವುದು ಕೆಳಗೆ ಮಾತ್ರ. ಅವು ಅಡಿಯ ಬಟ್ಟೆಯನ್ನು ಹಿಡಿದು ಹಿಂದಕ್ಕೆ ತಳ್ಳುತ್ತವೆ. ಮೇಲಿರುವ ಮಾಮೂಲಿ ಫೂಟ್ ಸುಮ್ನೆ ಒತ್ತಿ ಹಿಡಿಯುತ್ತದೆ ಅಷ್ಟೆ. ಎರಡು ಪದರದ ರವಿಕೆಗೆ ಇದು ಸಾಕು. ಆರು ಪದರ ಇಟ್ಟಾಗ ಅಡಿಯದು ಮುಂದೆ ಹೋಗುತ್ತದೆ, ಮೇಲಿನದು ಹಿಂದೆ ಉಳಿಯುತ್ತದೆ. ಫೂಟಿನ ಮುಂದೆ ಬಟ್ಟೆ ಅಲೆ ಅಲೆಯಾಗಿ ಗುಡ್ಡೆ ಬೀಳುತ್ತದೆ. ಅರವತ್ತು ಇಂಚು ಹೊಲಿದು ತುದಿ ಮುಟ್ಟುವಷ್ಟರಲ್ಲಿ ಮೇಲಿನ ಬಟ್ಟೆ ಒಂದು ಇಂಚು ಜಾಸ್ತಿ ಉಳಿದಿರುತ್ತದೆ. ಅದನ್ನು ಎಲ್ಲಾದರೂ ಅಡಗಿಸಲೇಬೇಕು, ಅದೇ ನೆರಿಗೆ.

ವಾಕಿಂಗ್ ಫೂಟಿನ ಅಡಿಯಲ್ಲಿ ಅದರದ್ದೇ ಹಲ್ಲುಗಳಿವೆ. ಪಕ್ಕದಲ್ಲಿ ಕವಣೆಕಡ್ಡಿಯ ಹಾಗೆ ಕವಲಾದ ಒಂದು ಕೈ ಇದೆ. ಅದನ್ನು ಸೂಜಿ ಹಿಡಿಯುವ ಸ್ಕ್ರೂಗೆ ಸಿಕ್ಕಿಸಬೇಕು. ಸೂಜಿ ಮೇಲೆ ಕೆಳಗೆ ಆಡಿದ ಹಾಗೆ ಆ ಕೈ ಆಡುತ್ತದೆ, ಮೇಲಿನ ಹಲ್ಲುಗಳು ಬಟ್ಟೆಯನ್ನು ಕಚ್ಚಿ, ಕೆಳಗಿನ ಹಲ್ಲುಗಳ ಜೊತೆಗೇ ಹೆಜ್ಜೆ ಹಾಕುತ್ತವೆ. ಕೇಳಲು ದೊಡ್ಡ ವಿದ್ಯೆ ಅನ್ನಿಸುತ್ತದೆ, ಕೈಯಲ್ಲಿ ಹಿಡಿದರೆ ಇಲಿಬೋನಿನ ಬಿಡಿಭಾಗದ ಹಾಗಿದೆ.

ಮೊದಲ ಸಲ ಆನ್‌ಲೈನಿನಲ್ಲಿ ತರಿಸಿ ಮೋಸಹೋದೆ. ‘ಎಲ್ಲ ಮೆಷಿನ್ನಿಗೂ ಹೊಂದುತ್ತದೆ’ ಅಂತ ಬರೆದಿದ್ದರು, ನನ್ನದಕ್ಕೆ ಅರ್ಧ ಇಂಚು ಮೇಲೆಯೇ ನಿಂತಿತು. ವಾಪಸ್ ಕಳಿಸಲು ಹತ್ತು ದಿನ ಆಯಿತು. ನೀವು ತಗೊಳ್ಳುವ ಮುಂಚೆ ಒಂದು ಕೆಲಸ ಮಾಡಿ. ಫೂಟ್ ಇಳಿಸಿ, ಮೆಷಿನ್ನಿನ ಹಾಸಿನಿಂದ ಫೂಟ್ ಬಿಗಿಯುವ ಸ್ಕ್ರೂವಿನ ನಡುಭಾಗದವರೆಗೆ ಸ್ಕೇಲ್ ಇಟ್ಟು ಅಳೆಯಿರಿ. ಸುಮಾರು ಅರ್ಧ ಇಂಚು ಇದ್ದರೆ ಲೋ ಶ್ಯಾಂಕ್ (ಫೂಟ್ ಕೂರುವ ಕಂಬ ಗಿಡ್ಡ ಅಂತ), ಒಂದು ಇಂಚಿನ ಹತ್ತಿರ ಇದ್ದರೆ ಹೈ ಶ್ಯಾಂಕ್. ಮನೆಗೆ ತರುವ ಹೊಲಿಗೆ ಮೆಷಿನ್ನುಗಳು ಹೆಚ್ಚಿನವು ಲೋ ಶ್ಯಾಂಕ್. ಆದರೂ ಅಳೆಯಿರಿ.

ಎರಡನೇ ಸಲ ಶಿವರಾಂಪೇಟೆಯ ಹೊಲಿಗೆ ಸಾಮಾನಿನ ಒಂದು ಅಂಗಡಿಗೆ ನನ್ನ ಹಳೇ ಫೂಟನ್ನು ಚೀಲದಲ್ಲಿ ಹಾಕಿಕೊಂಡೇ ಹೋದೆ. ಫಾಲ್ಸ್, ಗುಂಡಿ, ಬಾಬಿನ್, ಲೇಸು ತುಂಬಿದ ಕಿಷ್ಕಿಂಧೆ. ಮಾಲೀಕರು ನಾನು ಏನು ಕೇಳುತ್ತಿದ್ದೇನೆ ಅಂತ ಪೂರ್ತಿ ಕೇಳಿಸಿಕೊಳ್ಳಲೇ ಇಲ್ಲ, ‘ರೆಗ್ಸಿನ್ ಹೊಲಿಯೋಕಾ?’ ಅಂದರು. ಸೋಫಾ ಕವರು, ಬ್ಯಾಗು ಹೊಲಿಯುವವರು ಬಿಟ್ಟರೆ ಇದನ್ನು ಕೇಳಿಕೊಂಡು ಬರುವವರು ಕಡಿಮೆಯಂತೆ. ಹಳೇ ಫೂಟ್ ಪಕ್ಕ ಹೊಸದನ್ನು ಹಿಡಿದು ನೋಡಿ, ಒಂದು ಡಬ್ಬಿಯಿಂದ ತೆಗೆದುಕೊಟ್ಟರು. 850 ರೂಪಾಯಿ. ಚೌಕಾಸಿಗೆ ಬಗ್ಗಲಿಲ್ಲ. ಕೂಡಿಸುವುದು ತೋರಿಸಿ ಅಂದಾಗ ಮಾತ್ರ ಅಲ್ಲಿದ್ದ ಮೆಷಿನ್ನಿಗೇ ಹಾಕಿ, ಬಿಚ್ಚಿ, ಮತ್ತೆ ನನ್ನ ಕೈಯಲ್ಲೇ ಹಾಕಿಸಿದರು. ಅದಕ್ಕೆ ನನ್ನ ನೂರು ಮಾರ್ಕು.

ಫೆಬ್ರವರಿ ಚೀಟಿಯಲ್ಲಿ ನನಗೆ ನಾಲ್ಕನೇ ನಂಬರ್ ಬಂದಿತ್ತು. ಮನೆಯವರ ಹಳೇ ಅಂಗಿಗಳಿಂದ ಮಾಡಿದ ನೈನ್ ಪ್ಯಾಚ್. ಒಂಬತ್ತು ಚೌಕ ಸೇರಿ ಒಂದು ಬ್ಲಾಕ್, ಅಂಥವು 42, ಒಟ್ಟು 378 ಚೌಕ. ಮೂರೂವರೆ ಇಂಚಿಗೆ ಕತ್ತರಿಸಿದ್ದು, ಸುತ್ತ ಕಾಲಿಂಚು ಹೊಲಿಗೆಗೆ ಹೋಗಿ ಮೂರು ಇಂಚು ಉಳಿಯುತ್ತದೆ. ಪೂರ್ತಿ ಅಳತೆ 54ಕ್ಕೆ 63 ಇಂಚು. ಒಂದು ತಿಳಿನೀಲಿ ಚೆಕ್ಸ್ ಅಂಗಿಯ ಜೇಬು ಬಿಚ್ಚಿದಾಗ ಅದರಡಿ ಬಟ್ಟೆ ಹೊಸದರ ಹಾಗೇ ಕಡುನೀಲಿಯಾಗಿತ್ತು. ಹತ್ತು ವರ್ಷ ಒಗೆದು, ಬಿಸಿಲಿಗೆ ಹಾಕಿ ಮಾಸಿದ್ದ ಅಂಗಿ. ಆ ಜೇಬಿನ ಜಾಗದಿಂದಲೇ ಒಂದು ಚೌಕ ತೆಗೆದು, ಬಲಗಡೆ ಕೆಳಗಿನ ಬ್ಲಾಕಿನ ನಡುವೆ ಇಟ್ಟಿದ್ದೇನೆ. ಯಾರಿಗೂ ಹೇಳಿರಲಿಲ್ಲ.

ಒಳಗೆ ಹಾಕಲು ಬ್ಯಾಟಿಂಗ್ ಅನ್ನುವ ಹತ್ತಿಯ ಹಾಸು ತರಿಸಬಹುದಿತ್ತು, ದುಬಾರಿ. ನಮ್ಮ ಅಕ್ಕ ಮಂಡ್ಯದಲ್ಲಿ ಬೊಂತೆ ಹೊಲಿಯುವ ಹಾಗೆ ಹಳೇ ಹತ್ತಿ ಸೀರೆ ಹಾಕಿದೆ. ಐದೂವರೆ ಮೀಟರ್ ಸೀರೆಯನ್ನು ಮೂರು ತುಂಡು ಮಾಡಿ ಅಗಲಕ್ಕೆ ಜೋಡಿಸಿದರೆ ಈ ಅಳತೆಗೆ ಸರಿಯಾಗಿ ಎರಡು ಪದರ ಸಿಗುತ್ತದೆ. ಎರಡು ಸೀರೆ, ನಾಲ್ಕು ಪದರ. ಮೇಲೊಂದು, ಅಡಿಗೊಂದು ಸೇರಿ ಆರು. ಈ ಫೂಟಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಇಲ್ಲ. ಮುಷ್ಟಿಗೊಂದರಂತೆ ಸೇಫ್ಟಿ ಪಿನ್ ಹಾಕಿದೆ, ನೂರೈವತ್ತಕ್ಕಿಂತ ಜಾಸ್ತಿ ಹಿಡಿದವು. ಹಾಲಿನ ನೆಲದ ಮೇಲೆ ಮಂಡಿಯೂರಿ ಅಷ್ಟು ಪಿನ್ ಹಾಕುವುದಿದೆಯಲ್ಲ, ಅದಕ್ಕೆ ಯಾವ ಫೂಟೂ ಸಹಾಯ ಮಾಡುವುದಿಲ್ಲ.

ಹೊಲಿಗೆಯ ಉದ್ದ 3 ಮಿಲಿಮೀಟರ್, ಸೂಜಿ 14ನೇ ನಂಬರ್, ಶುರು ನಡುವಿನಿಂದ. ಬ್ಲಾಕು ಬ್ಲಾಕಿನ ನಡುವಿನ ಸಂದಿಯಲ್ಲೇ ಹೊಲಿಯುತ್ತಾ ಹೋದೆ. ಉದ್ದಕ್ಕೆ ಐದು ಸಾಲು, ಅಡ್ಡಕ್ಕೆ ಆರು. ಮೊದಲ ಸಾಲು ಮುಗಿಸಿ ತಿರುಗಿಸಿ ನೋಡುವಾಗ ಎದೆ ಹೊಡೆದುಕೊಳ್ಳುತ್ತಿತ್ತು. ಬೆನ್ನು ಚಪ್ಪಟೆ! ಎರಡನೆಯದೂ ಹಾಗೇ. ಅಡ್ಡಸಾಲು ಉದ್ದಸಾಲನ್ನು ದಾಟುವ ಕಡೆಯೇ ಸಾಮಾನ್ಯವಾಗಿ ಬಟ್ಟೆ ಸಿಕ್ಕಿಹಾಕಿಕೊಳ್ಳುವುದು. ಅಲ್ಲೂ ಮೂವತ್ತು ಕೂಡುವಿಕೆಯಲ್ಲಿ ಕೈಕೊಟ್ಟಿದ್ದು ಒಂದೇ ಒಂದು. ಎರಡು ಸಂಜೆಯಲ್ಲಿ ಹನ್ನೊಂದೂ ಸಾಲು ಆಯಿತು. ಮೂರು ವರ್ಷ ಮಡಿಚಿಟ್ಟಿದ್ದು, ಅಲ್ವಾ?

ಈಗ ಬೈಗುಳ. ಶಬ್ದ ಜಾಸ್ತಿ, ಪಕ್ಕದ ಮನೆಯಲ್ಲಿ ಬೀಸುಕಲ್ಲು ಇಟ್ಟ ಹಾಗೆ. ರಾತ್ರಿ ಹತ್ತರ ಮೇಲೆ ಹೊಲಿಯಲು ನಾಚಿಕೆಯಾಯಿತು. ಫೂಟ್ ದಪ್ಪ ಇರುವುದರಿಂದ ಸೂಜಿ ಎಲ್ಲಿ ಇಳಿಯುತ್ತಿದೆ ಅಂತ ಕಾಣುವುದಿಲ್ಲ, ಕತ್ತು ಓರೆ ಮಾಡಿಕೊಂಡೇ ಹೊಲಿಯಬೇಕು. ಹಿಂದಕ್ಕೆ ಹೊಲಿಯುವ ಹಾಗಿಲ್ಲ. ಇದರ ಹಲ್ಲು ನಡೆಯುವುದು ಮುಂದಕ್ಕೆ ಮಾತ್ರ. ಸಾಲಿನ ತುದಿ ಗಟ್ಟಿಮಾಡಲು ಹೊಲಿಗೆ ಚಿಕ್ಕದು ಮಾಡಿಕೊಂಡು ನಾಲ್ಕೈದು ಹಾಕಬೇಕು, ಇಲ್ಲವೇ ದಾರವನ್ನು ಕೈಯಲ್ಲಿ ಗಂಟು ಹಾಕಿ ಒಳಗೆ ಸೇರಿಸಬೇಕು. ಹೂವು ಬಳ್ಳಿ ಬಿಡಿಸಿದ ಹಾಗೆ ಬಟ್ಟೆಯನ್ನು ಬೇಕಾದ ಕಡೆ ತಿರುಗಿಸಿ ಹೊಲಿಯುವ ಆಸೆ ಇದ್ದರೆ ಇದು ಬೇಡ, ಅದಕ್ಕೆ ಬೇರೆ ಫೂಟ್ ಇದೆ.

ಎಲ್ಲಕ್ಕಿಂತ ದೊಡ್ಡ ತಾಪತ್ರಯ ಆ ಕವಲು ಕೈಯದ್ದು. ಅದು ಕುಣಿದ ಹಾಗೆಲ್ಲ ಸೂಜಿಯ ಸ್ಕ್ರೂ ನಿಧಾನವಾಗಿ ಸಡಿಲವಾಗುತ್ತದೆ. ಏಳನೇ ಸಾಲಿನಲ್ಲಿ ಟಕ್ ಅಂತ ಸೂಜಿ ಕಳಚಿ ಬಟ್ಟೆಯಲ್ಲೇ ನಿಂತಿತು. ಪುಣ್ಯಕ್ಕೆ ಮುರಿಯಲಿಲ್ಲ. ಅಂಗಡಿಯವರು ಇದೊಂದು ಹೇಳಿರಲಿಲ್ಲ. ಆಮೇಲಿಂದ ಪ್ರತಿ ಬಾಬಿನ್ ಬದಲಿಸುವಾಗ ಒಂದು ಸಲ ಸ್ಕ್ರೂ ಬಿಗಿಮಾಡುತ್ತೇನೆ. ಸ್ಕ್ರೂಡ್ರೈವರ್ ಈಗ ಮೆಷಿನ್ ಪಕ್ಕದಲ್ಲೇ ವಾಸ.

ಇನ್ನು ಲೆಕ್ಕಕ್ಕೆ ಬರೋಣ. ಮೇ ತಿಂಗಳ ಹೊತ್ತಿಗೆ ಆ ಐದರಲ್ಲಿ ಮೂರು ಮುಗಿದಿವೆ. ಉಳಿದ ಒಂಬತ್ತಕ್ಕೆ ವಾಕಿಂಗ್ ಫೂಟಿನ ಮುಖ ನೋಡುವ ಯೋಗವೇ ಬಂದಿಲ್ಲ. ತಿಂಗಳ ಬ್ಲಾಕಿನದ್ದು ಮೂರಕ್ಕೇ ನಿಂತಿದೆ, ರೇಷ್ಮೆ ಕತ್ತರಿಸಿಲ್ಲ, ಗೊಂಬೆ ಮೆಟ್ಟಿಲು ಪೆಟ್ಟಿಗೆಯಲ್ಲಿದೆ. ಅವು ನಿಂತಿರುವುದು ಮೆಷಿನ್ನಿನಿಂದ ಅಲ್ಲ. ಮೂರು ಗುಂಪಿಗೂ ಹೂಂ ಅಂದ ನನ್ನ ಬಾಯಿಂದ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕವಂದಿ ಅನ್ನುವ ಕೌದಿ ಇದೆಯಲ್ಲ, ಅದರ ಕ್ರಮ ಈ ಸಲ ನನಗೆ ಬೇರೆ ಥರ ಅರ್ಥವಾಯಿತು. ಅವರು ಅಂಚಿನಿಂದ ಶುರುಮಾಡಿ ತುಂಡು ಇಡುತ್ತಾ, ಹೊಲಿಯುತ್ತಾ, ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಮೂಲೆಯಲ್ಲಿ ಮಡಿಚಿದ ಬಟ್ಟೆಯ ಫುಲ, ಅಂದರೆ ಹೂವು, ಇಟ್ಟರೆ ಮುಗಿಯಿತು. ಜೋಡಿಸುವುದು, ಪದರ ಸೇರಿಸುವುದು ಎರಡೂ ಒಂದೇ ಕೆಲಸ. ‘ಮೇಲ್ಪದರ ಆಯಿತು, ಉಳಿದದ್ದು ಆಮೇಲೆ’ ಅಂತ ಮಡಿಚಿಡುವ ಜಾಗವೇ ಅದರಲ್ಲಿಲ್ಲ. ಅಕ್ಕನ ಬೊಂತೆಯೂ ಹೀಗೇ, ಒಂದು ಮುಗಿಯದೆ ಇನ್ನೊಂದಕ್ಕೆ ಅವಳು ಸೂಜಿ ಪೋಣಿಸುವುದಿಲ್ಲ.

ನಾಲ್ಕನೇ ನಂಬರನ್ನು ಅಂಚುಪಟ್ಟಿ ಕಟ್ಟಿ ಮುಗಿಸಿ, ಮಂಡ್ಯಕ್ಕೆ ತಗೊಂಡು ಹೋಗಿ ಅವಳಿಗೆ ತೋರಿಸಿದೆ. ಮುಂಭಾಗ ನೋಡಲೇ ಇಲ್ಲ. ನೇರವಾಗಿ ತಿರುಗಿಸಿ, ಬೆನ್ನ ಮೇಲೆ ಅಂಗೈ ಸವರಿಕೊಂಡು ಹೋದಳು. ಎಡಗೈ ಮೂಲೆಯ ಹತ್ತಿರ ಕೈ ನಿಂತಿತು. ‘ಇಲ್ಲೊಂದು ನೆರಿಗೆ ಬಿದ್ದದೆ ಕನೆ’ ಅಂದಳು. ಆಮೇಲೆ ಮಗುಚಿ, ಆ ಬ್ಲಾಕನ್ನೇ ಸ್ವಲ್ಪ ಹೊತ್ತು ನೋಡಿ, ‘ಇದು ಜೇಬಿನ ಜಾಗ ಅಲ್ವಾ?’ ಅಂತ ಕೇಳಿದಳು.

ಕ್ವಿಲ್ಟ್ ಅಲ್ಲೇ ಉಳಿಯಿತು. ಮಳೆ ಶುರುವಾದ ಮೇಲೆ ಕೊಡ್ತೀನಿ ಅಂದಿದ್ದಾಳೆ.